ಖಾರದ ಕೈ

ನಮ್ಮ ಎದುರು ಮನೆಗೆ ಸೊಸೆಯಾಗಿ ಬಂದ ಕಾಂಚನಾ ಮೊದಲ ವಾರದಲ್ಲೇ ಅತ್ತೆಯ ಬಾಯಿಗೆ ಬಿದ್ದದ್ದು ಒಂದೇ ಒಂದು ಶಬ್ದದಿಂದ. ಏನು ಕೇಳಿದರೂ ಅವಳು "ಬಘೂಯಾ" ಎನ್ನುತ್ತಿದ್ದಳು. ಮರಾಠಿಯಲ್ಲಿ 'ನೋಡೋಣ' ಎಂದರ್ಥ. ನಾಳೆ ರೊಟ್ಟಿ ಮಾಡೋಣವೇ ಎಂದರೆ ಬಘೂಯಾ, ರವಿವಾರ ಗುಡಿಗೆ ಹೋಗೋಣವೇ ಎಂದರೆ ಬಘೂಯಾ. ಅತ್ತೆ ಕಾಳವ್ವನಿಗೆ ಇದು ಮೈಯುರಿ ತರಿಸುತ್ತಿತ್ತು.

"ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ನಡುವ ಯಾಕ ಜೋಲಿ ಹೊಡೀತಿ?" ಎಂದು ಅವಳು ಗದರುವುದು ನಮ್ಮ ಅಡುಗೆಮನೆಯ ತನಕ ಕೇಳುತ್ತಿತ್ತು. ಸೊಸೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕಲ್ಯಾಣ ಸ್ಟೇಷನ್ನಿಗೆ ಹೊರಟುಬಿಡುತ್ತಿದ್ದಳು.

ನಾನು ಪ್ರಭಾ, ಉಡುಪಿ ಕಡೆಯವಳು. ಟೆಲಿಫೋನ್ ಆಫೀಸಿನ ನೌಕರಿ ಸಾಕೆನಿಸಿ ಮನೆಯಲ್ಲಿ ಕೂತವಳು. ಶಾಸ್ತ್ರ ಸಂಪ್ರದಾಯಗಳ ಮೇಲೆ ನನಗೆ ಅಂಥ ಪ್ರೀತಿಯೇನಿಲ್ಲ, ಊಟ ಚೆನ್ನಾಗಿದ್ದರೆ ಹೋಗುತ್ತೇನೆ. ಎದುರಿನ ಬಾಗಿಲು ವಿರುಪಾಕ್ಷಪ್ಪನವರದು. ಅವರು ಗುಳೇದಗುಡ್ಡದವರು, ಮುಂಬಯಿ ಪಕ್ಕದ ಈ ಕಲ್ಯಾಣದ ಪೇಟೆಯಲ್ಲಿ ಖಣದ ಅಂಗಡಿ. ರವಿಕೆ ಹೊಲಿಸುವ ಆ ಅಂಚಿನ ಬಟ್ಟೆಯನ್ನು ಅವರು ಮಡಿಚುವ ರೀತಿ ನೋಡಿದರೆ ನಿಮಗೂ ಒಂದು ತೆಗೆದುಕೊಳ್ಳಬೇಕೆನಿಸುತ್ತದೆ. ಹೆಂಡತಿ ಕಾಳವ್ವ, ಮಗ ಗುರುರಾಜ, ಸೊಸೆ ಕಾಂಚನಾ. ಮನೆಯಲ್ಲಿ ಇಷ್ಟೇ ಜನ. ಗುರುರಾಜ ಹುಟ್ಟಿದ್ದೇ ಇಲ್ಲಿ, ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಕಾಂಚನಾ ಡೊಂಬಿವಲಿಯ ಹುಡುಗಿ. ತಾಯಿ ಅವಳು ಕಾಲೇಜಿನಲ್ಲಿರುವಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ಅಪ್ಪ ಮತ್ತು ಅಣ್ಣ. ಠಾಣೆಯ ಒಂದು ಕೊರಿಯರ್ ಆಫೀಸಿನಲ್ಲಿ ಕಂಪ್ಯೂಟರಿಗೆ ವಿಳಾಸ ತುಂಬುವ ಕೆಲಸ ಅವಳದು. ಆಗ ವಯಸ್ಸು ಇಪ್ಪತ್ಮೂರೋ ಇಪ್ಪತ್ನಾಲ್ಕೋ.

ಮದುವೆಯಾದ ಮರುವರ್ಷ ಅವಳು ಬಸುರಾದಳು. ಅದು ಎರಡು ಸಾವಿರದ ಒಂಬತ್ತು. ಆ ಮಳೆಗಾಲದಲ್ಲೇ ಹಂದಿಜ್ವರವೂ ಬಂತು.

ಮೊದಲು ಅದು ವಿಮಾನದಲ್ಲಿ ಬಂದವರ ರೋಗವಾಗಿತ್ತು, ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಆಗಸ್ಟಿನಲ್ಲಿ ಪುಣೆಯಲ್ಲಿ ಸಾವುಗಳಾದವು, ಆಮೇಲೆ ನಮ್ಮ ಕಡೆಗೂ ಬಂತು. ಶಾಲೆ, ಸಿನಿಮಾ, ಮಾಲು ಎಲ್ಲಕ್ಕೂ ಬೀಗ. ಮೆಡಿಕಲ್ ಅಂಗಡಿಗಳಲ್ಲಿ ಮಾಸ್ಕ್ ಮುಗಿದು, ಗಂಡಸರು ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು ಓಡಾಡಿದರು. ಕರ್ಪೂರ ಮತ್ತು ಏಲಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿದರೆ ರೋಗ ಹತ್ತಿರ ಸುಳಿಯುವುದಿಲ್ಲವೆಂದು ಯಾರೋ ಹೇಳಿದ್ದೇ ಸಾಕಾಯಿತು, ನಮ್ಮ ಬಿಲ್ಡಿಂಗಿನ ಮೆಟ್ಟಿಲಿಗೆಲ್ಲ ಮಂಗಳಾರತಿಯ ವಾಸನೆ ಹತ್ತಿತು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಯಾರಾದರೂ ಸೀನಿದರೆ ಸುತ್ತಲಿನ ಸೀಟು ಖಾಲಿಯಾಗುತ್ತಿತ್ತಂತೆ. ಕಲ್ಯಾಣದಿಂದ ಹೋಗುವವಳಿಗೆ ಬೇರೆ ಯಾವ ಉಪಾಯದಿಂದಲೂ ಸಿಗದ ಸೀಟು ಅದು ಎಂದು ಕಾಂಚನಾ ನಗದೆಯೇ ಹೇಳಿದ್ದಳು.

ಬಸುರಿಯರಿಗೆ ಈ ಜ್ವರ ಉಳಿದವರಿಗಿಂತ ಕೆಟ್ಟದ್ದು ಎಂದು ಪೇಪರಿನಲ್ಲಿ ಬಂದ ದಿನ ಅವಳು ಆಫೀಸಿಗೆ ಫೋನ್ ಮಾಡಿ ರಜೆ ಹಾಕಿದಳು. ಆಗ ಅವಳಿಗೆ ಏಳನೇ ತಿಂಗಳು.

ಆಮೇಲೆ ಮನೆಯ ಕಾನೂನು ಅವಳದಾಯಿತು. ಬಾಗಿಲ ಹೊರಗೆ ಒಂದು ಬಕೆಟ್ ನೀರು, ಒಂದು ಸಾಬೂನು. ಗಂಡ, ಮಾವ ಯಾರೇ ಬರಲಿ, ಮೊಣಕೈ ತನಕ ತೊಳೆದೇ ಒಳಗೆ ಬರಬೇಕು, ಬಂದವರು ನೆಟ್ಟಗೆ ಬಚ್ಚಲಿಗೆ ಹೋಗಬೇಕು. ತರಕಾರಿಯವನು ಮೇಲೆ ಬರುವಂತಿಲ್ಲ, ಗ್ಯಾಲರಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಿದ್ದಳು. ನಾನು ಹೋದರೂ ಹೊಸ್ತಿಲಾಚೆಯೇ ಕುರ್ಚಿ. "ಮೌಶಿ, ಬುರಾ ನಕೋ ಮಾನ್ಕೊಳ್ಳಿ" ಎಂದು ಮೂರು ಭಾಷೆ ಬೆರೆಸಿ, ಬೇಸರಪಡಬೇಡಿ ಎಂದು ಕೇಳಿಕೊಂಡಳು. ನನಗೆ ಬುರಾ ಏನೂ ಅನಿಸಲಿಲ್ಲ. ಹೆದರಿದವರು ಕೂಗಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಇವಳು ಹೆದರಿದ್ದರೂ ಕೆಲಸ ಮಾಡುತ್ತಿದ್ದಳು.

ಅವಳಿಗೆ ತಡೆಯಲಾಗದ್ದು ಒಂದೇ, ಟ್ರೇನಿನ ಗೆಳತಿಯರು ಇಲ್ಲದ್ದು. ಅವರು ನಿತ್ಯ ಠಾಣೆಯ ತನಕ ಭಜನೆ ಹಾಡುತ್ತ ಹೋಗುವ ಗುಂಪು. ಒಬ್ಬಳು ಬೆಳಿಗ್ಗೆ ಡಬ್ಬದಿಂದಲೇ ಇವಳಿಗೆ ಫೋನ್ ಹಚ್ಚಿ ಮೊಬೈಲನ್ನು ಮೇಲೆತ್ತಿ ಹಿಡಿಯುತ್ತಿದ್ದಳು. ಇವಳು ಗ್ಯಾಲರಿಯಲ್ಲಿ ನಿಂತು ಭಜನೆ, ಚಕ್ರದ ಸದ್ದು, ಬಾಗಿಲಲ್ಲಿ ಇಳಿಯುವವರ ಜಗಳ ಎಲ್ಲವನ್ನೂ ಕೇಳುವಳು. ಠಾಣೆ ಬಂದು ಫೋನ್ ಕಟ್ ಆದ ಮೇಲೆ ಒಳಗೆ ಹೋಗಿ ರೊಟ್ಟಿಗೆ ನೀರು ಇಡುವಳು.

ಹೀಗೆ ಎಲ್ಲ ಸರಿಯಾಗಿ ನಡೆದಿತ್ತು. ಅಷ್ಟರಲ್ಲಿ ಕಾಳವ್ವ ಕುಬಸದ ಮಾತು ತೆಗೆದಳು.

ಕುಬಸವೆಂದರೆ ಅವರ ಕಡೆಯ ಸೀಮಂತ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಖಣದ ಕುಬಸ, ಅಂದರೆ ರವಿಕೆ, ತೊಡಿಸಿ ನಡುವೆ ಕೂಡಿಸುತ್ತಾರೆ. ಬಂದ ಹೆಂಗಸರೆಲ್ಲ ತಾವು ಮಾಡಿ ತಂದ ಬಯಕೆಯ ಅಡುಗೆಯನ್ನು ಒಬ್ಬೊಬ್ಬರಾಗಿ ಅವಳ ಬಾಯಿಗೆ ತುತ್ತು ಮಾಡಿ ಇಡುತ್ತಾರೆ. ಡೊಂಬಿವಲಿ, ಅಂಬರನಾಥ, ಕಳವಾ, ಎಲ್ಲೇ ಅವರ ಮಂದಿಯ ಕುಬಸವಿರಲಿ, ಕಾಳವ್ವ ಅಂಗಡಿಯ ಒಳ್ಳೆಯ ಖಣ ಹಿಡಿದುಕೊಂಡು ಹೋಗಿದ್ದಳು. ಒಂದನ್ನೂ ತಪ್ಪಿಸಿದವಳಲ್ಲ. ಒಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ. ತನ್ನ ಮನೆಯಲ್ಲಿ ಕುಬಸವಾದರೆ ಇದೊಂದೇ.

"ಅತ್ತಿ, ಗರ್ದಿ ನಕೋ, ಮಂದಿ ಸೇರೂದು ಬ್ಯಾಡ," ಎಂದಳು ಕಾಂಚನಾ.

"ಗರ್ದಿ ಅಂದ್ರ ಯಾರವಾ? ನಮ್ಮ ಮಂದಿ ನಿನಗ ಗರ್ದಿ ಆದ್ರೇನ?"

"ಹಂಗಲ್ರಿ. ಎಲ್ಲಾರೂ ಕೈಲೆ ಬಾಯಿಗೆ ಹಾಕ್ತಾರ. ಯಾರ ಕೈಯಾಗ ಏನೈತೋ. ಡಾಕ್ಟರ್ ಸಾಫ್ ಹೇಳ್ಯಾರ, ದೂರ ಇರ್ರಿ ಅಂತ."

"ಮಮ್ಮಿ, ಅಗಲೇ ಮಹೀನೇ ಕರೇಂಗೇ ನಾ," ಎಂದ ಗುರುರಾಜ, ಟಿವಿಯಿಂದ ಕಣ್ಣು ಕೀಳದೆ.

"ಮುಂದಿನ ತಿಂಗಳ ಪಿತೃಪಕ್ಷ ಬರ್ತೈತಿ. ಪಕ್ಷದಾಗ ಕುಬಸ ಮಾಡ್ತಾರೇನೋ ಶಾಣ್ಯಾ? ಅದರ ಮ್ಯಾಲೆ ಎಂಟನೇ ತಿಂಗಳ ಹತ್ತತೈತಿ, ಎಂಟರಾಗ ಮಾಡಂಗಿಲ್ಲ." ಕಾಳವ್ವನ ದನಿ ಅಷ್ಟರಲ್ಲೇ ಒಡೆಯಿತು. "ಊರ ಮಂದಿ ಮಕ್ಕಳ ಬಾಯಾಗ ನಾ ತುತ್ತು ಇಟ್ಟೀನಿ. ನಮ್ಮನ್ಯಾಗ ತುತ್ತು ಇಡಾಕ ಒಬ್ರೂ ಬರಬಾರದು ಅಂದ್ರ ನಾ ಯಾವ ಪಾಪ ಮಾಡೀನಿ?"

ಎದ್ದು ಹೋಗಿ ಮುಸುಕು ಹಾಕಿ ಮಲಗಿದಳು. ಆಮೇಲೆ ಕೆಲವು ದಿನ ಮನೆಯಲ್ಲಿ ಮಾತಿಲ್ಲ. ವಿರುಪಾಕ್ಷಪ್ಪನವರು ಅಂಗಡಿಯಿಂದ ತಡವಾಗಿ ಬರತೊಡಗಿದರು. ಇಂಥ ಹೊತ್ತಿನಲ್ಲಿ ಗಂಡಸರಿಗೆ ಎಲ್ಲಿಲ್ಲದ ವ್ಯಾಪಾರ ಬರುತ್ತದೆ.

ದಾರಿ ಹುಡುಕಿದ್ದು ಕಾಂಚನಾ. ಒಂದು ಮಧ್ಯಾಹ್ನ ಅತ್ತೆಯ ಮುಸುಕಿನ ಪಕ್ಕ ಕೂತು ಹೇಳಿದಳು.

"ಅತ್ತಿ, ಮಂದಿ ಬರೂದು ಬ್ಯಾಡ. ಡಬ್ಬಿ ಬರ್ಲಿ."

"ಏನ?"

"ಎಲ್ಲಾರೂ ಮನ್ಯಾಗ ಮಾಡಿ ಡಬ್ಬಿ ಕಳಿಸ್ಲಿ. ನಾವು ಬಿಸಿ ಮಾಡೂಣು. ಅವರವರ ಹೆಸರು ಹೇಳಿ ನೀವs ನಂಗ ಉಣಸ್ರಿ. ಎಲ್ಲಾರ ತುತ್ತೂ ನಿಮ್ಮ ಕೈಲೆ."

ಮುಸುಕಿನೊಳಗಿಂದ ಮಾತು ಬಂತು. "ಎಲ್ಲಾರ ತುತ್ತೂ ಉಣ್ಣಬೇಕು. ಒಬ್ಬರದೂ ಬಿಡಂಗಿಲ್ಲ. ಸಾಕು ಅನ್ನಂಗಿಲ್ಲ."

"ಹೂಂ," ಎಂದಳು ಕಾಂಚನಾ.

ಬಘೂಯಾ ಅನ್ನಲಿಲ್ಲ. ಕಾಳವ್ವ ಸೀದಾ ನಮ್ಮ ಬಾಗಿಲಿಗೆ ಬಂದು, "ಕೇಳಿದ್ರೇನ ಪ್ರಭಾ ಅವ್ರ, ಹೂಂ ಅಂದ್ಲು!" ಎಂದು ಸಡಗರ ಪಟ್ಟಳು. ನನಗೂ ಒಂದು ಡಬ್ಬಿ ಹೇಳಿದಳು. ಪತ್ರೊಡೆ ಮಾಡುತ್ತೇನೆ ಎಂದೆ. "ಮಾಡ್ರಿ, ಎಲಿ ತಿನ್ನೂ ಮಂದಿ ನೀವು," ಎಂದು ನಕ್ಕಳು. ಆ ನಗುವನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಇನ್ನೊಂದು ಸಂಗತಿ ನಮಗೆಲ್ಲ ಆಮೇಲೆ ತಿಳಿದದ್ದು, ಆದರೆ ಅದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಡಬ್ಬಿಗೆ ಎಲ್ಲರಿಗೂ ಫೋನ್ ಮಾಡಿ ಹೇಳಿ ಎಂದು ಕಾಂಚನಾ ಹೇಳಿದ್ದಳು. ಕಾಳವ್ವ ಹೂಂ ಎಂದಿದ್ದಳು. ಆದರೆ ಫೋನಿನಲ್ಲಿ ಕರೆದರೆ ಅದು ಕರೆದ ಹಾಗಾಗುತ್ತದೆಯೇ? ಮುತ್ತೈದೆಯ ಮನೆಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ ಹೇಳಬೇಕು. ಬಳೆ ತರಲು ಪೇಟೆಗೆ ಹೋಗುತ್ತೇನೆಂದು ಹೊರಟವಳು ಕುಂಕುಮದ ಭರಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ರಿಕ್ಷಾ, ಬಸ್ಸು, ಲೋಕಲ್ ಎಲ್ಲ ಹತ್ತಿ ಇಳಿದು, ಒಂದು ಮನೆಯನ್ನೂ ಬಿಡದೆ ಹೋಗಿ ಬಂದಳು. ದಯವಿಟ್ಟು ಬರಬೇಡಿ ಎಂದು ಹೇಳಲು ಪ್ರತಿಯೊಬ್ಬರ ಮುಖ ಮುಟ್ಟಿ ಬಂದಳು. ತಿರುಗಿ ಬಂದು ಬಾಗಿಲಲ್ಲಿ ಮೊಣಕೈ ತನಕ ಸಾಬೂನು ಹಚ್ಚಿ ತೊಳೆದಳು. ಅದರಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಕುಬಸದ ಹಿಂದಿನ ದಿನ ಕಾಳವ್ವ ಗುರೆಳ್ಳು, ಒಣಮೆಣಸಿನಕಾಯಿ ಹುರಿದು ಖಾರ ಕುಟ್ಟಿದಳು. ನಮ್ಮ ಮಹಡಿಯಲ್ಲಿ ಕೆಮ್ಮದವರೇ ಇರಲಿಲ್ಲ. ಸಂಜೆಗೆ ನಮ್ಮೆಲ್ಲರ ಕೆಮ್ಮು ನಿಂತಿತು, ಕಾಳವ್ವನದು ಇನ್ನೂ ಇತ್ತು. "ಘಾಟು ಏರೈತ್ರಿ," ಎಂದಳು. ಖಾರ ಕುಟ್ಟಿದವಳಿಗೆ ಹೆಚ್ಚು ಘಾಟು, ಅದರಲ್ಲಿ ಅನುಮಾನ ಪಡುವಂಥದ್ದೇನೂ ಯಾರಿಗೂ ಕಾಣಲಿಲ್ಲ.

ಮರುದಿನ ರವಿವಾರ. ಬೆಳಿಗ್ಗೆಯಿಂದ ಡಬ್ಬಿಗಳು ಬಂದವು. ಸ್ಟೀಲಿನವು, ಪ್ಲಾಸ್ಟಿಕ್ಕಿನವು, ಟವೆಲಿನಲ್ಲಿ ಕಟ್ಟಿದವು. ವಿರುಪಾಕ್ಷಪ್ಪನವರು ಬಾಗಿಲಲ್ಲಿ ನಿಂತು ಒಂದೊಂದನ್ನೂ ಒರೆಸಿ ಒಳಗೆ ಕೊಟ್ಟರು. ಹೋಳಿಗೆ, ಕಡಬು, ಕರ್ಚಿಕಾಯಿ, ಎಣಗಾಯಿ, ಚಿತ್ರಾನ್ನ, ಮೊಸರನ್ನ, ನನ್ನ ಪತ್ರೊಡೆ. ಎಲ್ಲವನ್ನೂ ಗ್ಯಾಸಿನ ಮೇಲೆ ಮತ್ತೆ ಬಿಸಿ ಮಾಡಿದರು, ಬಿಸಿ ಬೇಡದ ಮೊಸರನ್ನವನ್ನೂ. ನಾನು ಹೊಸ್ತಿಲಾಚೆ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಕಾಂಚನಾಳಿಗೆ ಹಸಿರು ಇಳಕಲ್ ಸೀರೆ, ಹಸಿರು ಖಣ, ಕೈತುಂಬ ಬಳೆ. ಅವಳ ಎದುರು ಕಾಳವ್ವ, ಮದುವೆಯ ಸೀರೆ ಉಟ್ಟು, ಮುಖ ಕೆಂಪಾಗಿ ಕೂತಿದ್ದಳು. ಸಂಭ್ರಮಕ್ಕೆ ಕೆಂಪಾಗಿದೆ ಎಂದುಕೊಂಡೆವು.

"ಇದು ಮಾನಪ್ಪನ ಮನೀದು, ಡೊಂಬಿವಲೀದು," ಎಂದು ತುಪ್ಪದಲ್ಲಿ ಅದ್ದಿದ ಹೋಳಿಗೆಯ ತುತ್ತನ್ನು ಮುಂದೆ ಹಿಡಿದಳು.

ಬೆರಳು ತುಟಿಗೆ ತಾಗಿದಾಗ ಕಾಂಚನಾ ತಲೆಯನ್ನು ತುಸು ಹಿಂದೆ ತೆಗೆದುಕೊಂಡಳು. ಅತ್ತೆಯ ಮುಖ ನೋಡಿದಳು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ತುಪ್ಪ ಬಿಸಿಯಿರಬೇಕು ಎಂದುಕೊಂಡೆ. ಅವಳು ನೋಡುತ್ತಲೇ ಇದ್ದಳು, ಕಾಳವ್ವ ತುತ್ತು ಹಿಡಿದು ಕಾಯುತ್ತಲೇ ಇದ್ದಳು. ಆಮೇಲೆ ಕಾಂಚನಾ ಬಾಯಿ ತೆರೆದಳು.

ಒಮ್ಮೆ ತೆರೆದ ಮೇಲೆ ಅವಳು ಹಿಂದೆ ಸರಿಯಲಿಲ್ಲ. ಕಾಳವ್ವ ಹೆಸರು ಹೇಳುತ್ತ ಹೋದಳು. ಯಾರ ಮನೆಯ ಕಡಬು, ಅವರ ಮಗಳ ಕುಬಸದಲ್ಲಿ ಏನಾಗಿತ್ತು, ಯಾರ ಸೊಸೆ ಯಾವಾಗ ಅತ್ತಿದ್ದಳು, ಎಲ್ಲ ಹೇಳುತ್ತ ಉಣಿಸಿದಳು. ಯಾರೂ ಇಲ್ಲದ ಕೋಣೆಯಲ್ಲಿ ಅಷ್ಟೊಂದು ಹೆಂಗಸರು ಬಂದು ಕೂತ ಹಾಗಾಯಿತು. ಕಡೆಗೆ ತಾನೇ ಮಾಡಿದ ಗೋಧಿ ಹುಗ್ಗಿಯ ಬಟ್ಟಲು ತೆಗೆದುಕೊಂಡಳು.

"ಇದು ನಿಮ್ಮವ್ವಂದು," ಎಂದಳು.

ಕಾಂಚನಾ ಆಗ ಅತ್ತಳು. ಕಾಳವ್ವನೂ ಅತ್ತಳು. ಶಾಸ್ತ್ರದ ಮೇಲೆ ಪ್ರೀತಿಯಿಲ್ಲ ಎಂದು ಮೇಲೆ ಹೇಳಿದೆ, ಅದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಹುಗ್ಗಿಯ ತುತ್ತು ಶಾಸ್ತ್ರವಾಗಿರಲಿಲ್ಲ.

ಸಂಜೆಗೆ ಕಾಳವ್ವನಿಗೆ ಮೈ ಸುಡುವ ಜ್ವರ. ಎರಡು ದಿನದಲ್ಲಿ ಕಾಂಚನಾಳಿಗೂ ಬಂತು. ಕಾಳವ್ವ ಮನೆಯಲ್ಲೇ ಗುಳಿಗೆ ನುಂಗಿ ಎದ್ದಳು. ಕಾಂಚನಾಳಿಗೆ ಉಸಿರು ಸಾಲದಾಯಿತು. ಸರಕಾರಿ ಆಸ್ಪತ್ರೆಗೆ ಸೇರಿಸಿದರು. ಗಂಟಲ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು, ಅದೇ ಜ್ವರ ಎಂದು ಬಂತು. ಆ ವಾರ್ಡಿಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಗುರುರಾಜ ಹೊರಗಿನ ಬೆಂಚಿನ ಮೇಲೆ ಕೂತ. ಕುಂಕುಮದ ಭರಣಿಯ ಕಥೆ ಹೊರಬಿದ್ದದ್ದು ಆಗಲೇ. ಡಾಕ್ಟರು ಎಲ್ಲೆಲ್ಲಿ ಓಡಾಡಿದಿರಿ ಎಂದು ಕೇಳಿದಾಗ ಕಾಳವ್ವ ಒಂದೊಂದೇ ಊರಿನ ಹೆಸರು ಹೇಳಿದಳು. ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ವಾರ್ಡಿನಲ್ಲಿ ಮಾತಾಡಲು ಉಸಿರಿಲ್ಲದ ಕಾಂಚನಾ ಇನ್ನೊಂದು ಕಾನೂನು ಮಾಡಿದಳು. ಬೆಳಿಗ್ಗೆ ಒಂದು, ಸಂಜೆ ಒಂದು ಮಿಸ್ಡ್ ಕಾಲ್. ಒಂದು ರಿಂಗ್ ಆಗಿ ಕಟ್ಟಾದರೆ ಇದ್ದೇನೆ, ಹೊಟ್ಟೆಯಲ್ಲಿ ಕೂಸೂ ಒದೆಯುತ್ತಿದೆ ಎಂದು ಲೆಕ್ಕ. ಕಾಳವ್ವ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ದಿನ ಬೆಳಗಿನ ರಿಂಗ್ ಬರಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಆಕ್ಸಿಜನ್ ಹಚ್ಚಿದ್ದಾರೆ ಎಂದು ಗುರುರಾಜ ಹೇಳಿದ. ಕಾಳವ್ವ ಊಟ ಮಾಡಲಿಲ್ಲ, ಅಳಲೂ ಇಲ್ಲ. ತನ್ನ ಬಲಗೈಯನ್ನು ನೋಡುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ. ಮರುದಿನ ಸಂಜೆ ಫೋನ್ ಒಮ್ಮೆ ಬಡಿದು ನಿಂತಾಗ ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಕಾಂಚನಾ ಉಳಿದಳು. ಕೂಸು ದಿನ ತುಂಬುವ ಮೊದಲೇ, ಸೆಪ್ಟೆಂಬರಿನಲ್ಲಿ ಹುಟ್ಟಿತು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ದೀಪಾವಳಿಯ ಹೊತ್ತಿಗೆ ಮನೆಗೆ ಕಳಿಸಿದರು.

ತಾಯಿಯಿಲ್ಲದ ಸೊಸೆಯ ಬಾಣಂತನ ತಾನೇ ಮಾಡುತ್ತೇನೆಂದು ಕಾಳವ್ವ ಮೊದಲಿನಿಂದ ಹೇಳುತ್ತಿದ್ದಳು. ಮಾಡಿದಳು ಕೂಡ. ಅಂಟಿನುಂಡೆ ಕಟ್ಟಿದಳು, ಕೆಂಡದ ಶೇಕು ಕೊಟ್ಟಳು, ಬಟ್ಟೆ ಒಗೆದಳು. ಕೂಸನ್ನು ಮಾತ್ರ ಮುಟ್ಟಲಿಲ್ಲ. ಎರೆಯಲು ಮಾಲೀಶಿನ ಹೆಂಗಸನ್ನು ಗೊತ್ತು ಮಾಡಿದಳು. ಯಾರಾದರೂ ಎತ್ತಿಕೊಳ್ಳಿ ಎಂದರೆ "ಖಾರದ ಕೈ ಐತ್ರಿ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋಗುತ್ತಿದ್ದಳು. ಅಷ್ಟೊಂದು ಖಾರ ಕಲ್ಯಾಣದಲ್ಲಿ ಯಾರೂ ತಿನ್ನುವುದಿಲ್ಲ. ಮೊಮ್ಮಗಳು ತೊಟ್ಟಿಲಲ್ಲಿ ಅತ್ತರೆ ತೊಟ್ಟಿಲನ್ನು ಕಾಲಿನಿಂದ ತೂಗುತ್ತಿದ್ದಳು. ಕಾಂಚನಾ ಎಲ್ಲ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ನಾನೇ ಒಮ್ಮೆ ತಡೆಯಲಾರದೆ, "ಎಂತ ಮಾರಾಯ್ತಿ, ನೀನಾದ್ರೂ ಹೇಳಬಾರ್ದಾ?" ಎಂದೆ. "ಬಘೂಯಾ ಮೌಶಿ," ಎಂದಳು.

ಯುಗಾದಿಯ ದಿನ ಕೂಸಿಗೆ ಮೊದಲ ಅನ್ನ ಉಣಿಸುವುದೆಂದು ಗೊತ್ತಾಯಿತು. ಆಗ ನನ್ನ ಕುರ್ಚಿ ಹೊಸ್ತಿಲ ಒಳಗೆ ಬಂದಿತ್ತು. ಬೆಳ್ಳಿಯ ಬಟ್ಟಲಲ್ಲಿ ಹಾಲು ಅನ್ನ ಮಿದ್ದು ಇಟ್ಟಿದ್ದರು. ಉಣಿಸಬೇಕಾದವಳು ಅಜ್ಜಿ. ಅಜ್ಜಿ ಅಡುಗೆಮನೆಯಿಂದ ಹೊರಗೆ ಬರಲೊಲ್ಲಳು. "ನೀವs ಉಣಸ್ರಿ. ನಂದು ಖಾರದ ಕೈ ಐತಿ," ಎಂಬ ಕೂಗು ಬಂತು. ಹಬ್ಬದ ದಿನ ಬೇವುಬೆಲ್ಲದ ಮನೆಯಲ್ಲಿ ಯಾರು ಖಾರ ಕುಟ್ಟುತ್ತಾರೆ?

ಕಾಂಚನಾ ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅತ್ತಿ, ಅವತ್ತ ನಿಮ್ಮ ಬೆರಳು ಸುಡ್ತಿದ್ವು."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಮಾನಪ್ಪನ ಮನಿ ಹೋಳಿಗಿ ತುತ್ತು ಇಟ್ರಲ್ಲ, ಆಗs ನಂಗ ಗೊತ್ತಾತು. ನಿಮಗ ತಾಪ ಬಂದೈತಿ ಅಂತ. ಗೊತ್ತಿದ್ದs ಬಾಯಿ ತಗದೆ."

"ಏನಂದಿ?"

"ನೀವು ಅಷ್ಟು ಖುಷಿಲೆ ಕುಂತಿದ್ರಿ. ಮಂದಿನೆಲ್ಲಾ ನನ್ನ ಸಲುವಾಗಿ ಬಿಟ್ಟಿದ್ರಿ. ಬ್ಯಾಡ ಅನ್ನಾಕ ಆಗ್ಲಿಲ್ಲ ನಂಗ."

ಆ ಹೋಳಿಗೆಯ ತುತ್ತು, ಹಿಂದೆ ಸರಿದ ತಲೆ, ಹೊಟ್ಟೆಯ ಮೇಲೆ ಹೋದ ಕೈ ನನ್ನ ಕಣ್ಣ ಮುಂದೆ ಬಂತು. ಅವಳು ಯಾಕೆ ಅಷ್ಟು ಹೊತ್ತು ಅತ್ತೆಯ ಮುಖ ನೋಡಿದಳೆಂದು ಆಗ ತಿಳಿಯಿತು. ಅವಳ ಜಾಗದಲ್ಲಿ ನಾನಿದ್ದರೆ ತುತ್ತನ್ನು ದೂಡಿ ಎದ್ದುಬಿಡುತ್ತಿದ್ದೆ. ಅದು ಸರಿಯೂ ಆಗಿರುತ್ತಿತ್ತು.

ಕಾಳವ್ವ ಬಾಗಿಲಿಗೆ ಬಂದಳು. ಬಂದು ಅತ್ತು ಅಪ್ಪಿಕೊಳ್ಳುತ್ತಾಳೆಂದು ನಾವು ತಿಳಿದಿದ್ದರೆ ಅದು ನಮ್ಮ ತಪ್ಪು. ಸೊಸೆಯ ರಟ್ಟೆಗೆ ಪಟ್ಟೆಂದು ಒಂದು ಬಿಟ್ಟಳು.

"ಖೋಡಿ! ಗೊತ್ತಿದ್ದೂ ಉಂಡ್ಯಾ? ಹೊಟ್ಯಾಗ ಕೂಸು ಇಟ್ಕೊಂಡು? ನಾ ಒಬ್ಬಾಕೀನs ನಿಮ್ಮಿಬ್ಬರನ್ನೂ ಕೊಲ್ಲಾಕ ಹೋಗಿದ್ದೆ ಅಂತ ಇಷ್ಟು ದಿನ ಸತ್ತೀನಲ್ಲ! ಎಲ್ಲಾದಕ್ಕೂ ಬಘೂಯಾ ಬಘೂಯಾ ಅಂತಿದ್ದಿ, ಅವತ್ತ ಒಮ್ಮೆ ಅನ್ನಾಕ ಏನ ಧಾಡಿ ಆಗಿತ್ತ ನಿನಗ?"

"ನೀವs ಹೇಳಿದ್ರಿ, ಸಾಕು ಅನ್ನಂಗಿಲ್ಲ ಅಂತ," ಎಂದಳು ಕಾಂಚನಾ, ರಟ್ಟೆ ತಿಕ್ಕಿಕೊಳ್ಳುತ್ತ.

ಕಾಳವ್ವ ಬೈಯುತ್ತಲೇ ಹೊರಗೆ ಹೋದಳು. ಬಾಗಿಲಾಚೆಯ ಬಕೆಟ್ ಇನ್ನೂ ಅಲ್ಲೇ ಇತ್ತು, ಯಾರೂ ತೆಗೆದಿರಲಿಲ್ಲ. ಮೊಣಕೈ ತನಕ ಸಾಬೂನು ಹಚ್ಚಿ ತೊಳೆದಳು, ಬೈದಳು, ಮತ್ತೊಮ್ಮೆ ತೊಳೆದಳು. ನೀರು ತೊಟ್ಟಿಕ್ಕುವ ಕೈಯಲ್ಲೇ ಬಂದು ಮಣೆಯ ಮೇಲೆ ಕೂತಳು. ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡಳು. ಬಟ್ಟಲಿನಿಂದ ಒಂದಗುಳು ಅನ್ನ ತೆಗೆದವಳು ಅಲ್ಲೇ ತಡೆದಳು. ಬೆರಳುಗಳನ್ನು ಸೊಸೆಯ ಕೆನ್ನೆಗೆ ಹಿಡಿದಳು.

"ಮೊದಲ ನೋಡಿ ಹೇಳು. ಸುಡ್ತಾವೇನು?"

ಕಾಂಚನಾ ಕಣ್ಣು ಮುಚ್ಚಿ ಆ ಕೈಯನ್ನು ಸ್ವಲ್ಪ ಹೊತ್ತು ಕೆನ್ನೆಗೆ ಹಿಡಿದುಕೊಂಡಳು.

"ಇಲ್ರಿ, ತಣ್ಣಗದಾವ," ಎಂದಳು. "ಉಣಸ್ರಿ."